ಆಟಕ್ಕೆ ಯಾವ ಸೆನ್ಸರ್, ಕಡಲಿಗೆ ಯಾವುದು?

ರಾತ್ರಿ ಯಕ್ಷಗಾನದ ವಿಡಿಯೋಗಳಲ್ಲಿ ಕೆಲವು ತೊಂದರೆಗಳು ಮತ್ತೆ ಮತ್ತೆ ಕಾಣುತ್ತವೆ. ವೇಷದ ಕೆಂಪು ಬಟ್ಟೆ ಮಡಿಕೆಯೇ ಇಲ್ಲದ ಮುದ್ದೆಯಾಗಿರುತ್ತದೆ. ಹಿಂದಿನ ಕತ್ತಲೆಯ ತುಂಬ ಗ್ರೇನ್ಸ್, ಅಂದರೆ ಮರಳಿನಂಥ ಸಣ್ಣ ಚುಕ್ಕೆಗಳು, ಕುಣಿಯುತ್ತಿರುತ್ತವೆ. ಎಲ್‌ಇಡಿ ದೀಪ ಬಿದ್ದ ಮುಖದ ಮೇಲೆ ಅಡ್ಡ ಪಟ್ಟೆಗಳು ಹರಿದಾಡುತ್ತವೆ. ಹೊನ್ನಾವರ, ಕುಮಟಾ, ಸಿದ್ದಾಪುರ, ಶಿರಸಿ ಕಡೆ ಆಟ, ಅಂದರೆ ಯಕ್ಷಗಾನ ಪ್ರದರ್ಶನ, ನಡೆಯುವ ಬಯಲಿನಲ್ಲಿ ಈಗ ಯಾರಾದರೂ ಒಬ್ಬರು ಕ್ಯಾಮೆರಾ ನಿಲ್ಲಿಸಿಯೇ ಇರುತ್ತಾರೆ. ಹಿರಿಯ ಕಲಾವಿದರ ಕುಣಿತ, ಭಾಗವತರ ಪದ್ಯ ಎಲ್ಲ ದಾಖಲಾಗುತ್ತಿವೆ. ಅದು ತುಂಬ ಸಂತೋಷದ ವಿಷಯ. ಹಾಗಾಗಿಯೇ ಆ ದಾಖಲೆ ಚೆನ್ನಾಗಿ ಬರಬೇಕು ಅನ್ನುವ ಆಸೆ.

ಮುದ್ದೆಯಾದ ಕೆಂಪು, ಗ್ರೇನ್ಸ್, ಪಟ್ಟೆ. ಈ ಮೂರೂ ಬಹುಮಟ್ಟಿಗೆ ಒಂದೇ ಜಾಗದಲ್ಲಿ ಹುಟ್ಟುತ್ತವೆ. ಅದು ಲೆನ್ಸಿನ ಹಿಂದಿರುವ ಸೆನ್ಸರ್. ಕ್ಯಾಮೆರಾ ಕೊಳ್ಳಲು ಹೋದರೆ ಅಂಗಡಿಯಲ್ಲಿ ಸೆನ್ಸರ್ ಬಗ್ಗೆ ಬಹಳ ಹೆಸರು ಕಿವಿಗೆ ಬೀಳುತ್ತವೆ. ಸಿಸಿಡಿ, ಸಿಮಾಸ್, ಬಿಎಸ್‌ಐ, ಸ್ಟ್ಯಾಕ್ಡ್, ಒಂದು ಇಂಚು, ಫುಲ್ ಫ್ರೇಮ್. ಇಷ್ಟು ಹೆಸರುಗಳ ನಡುವೆ ನಾವು ಕೇಳಬೇಕಾದ ಪ್ರಶ್ನೆ ಎರಡೇ. ಸೆನ್ಸರ್ ಮೇಲೆ ಒಟ್ಟು ಎಷ್ಟು ಬೆಳಕು ಬೀಳುತ್ತದೆ? ಬಿದ್ದ ಬೆಳಕನ್ನು ಅದು ಎಷ್ಟು ಬೇಗ ಓದಿ ಮುಗಿಸುತ್ತದೆ? ಪೆಟ್ಟಿಗೆಯ ಮೇಲಿನ ಹೆಸರಿಗಿಂತ ಈ ಎರಡು ಉತ್ತರಗಳೇ ವಿಡಿಯೋದ ಗುಣವನ್ನು ಹೆಚ್ಚು ನಿರ್ಧರಿಸುತ್ತವೆ.

ಸಿಸಿಡಿ ಯಾಕೆ ಮರೆಯಾಯಿತು

ಸೆನ್ಸರ್ ಅಂದರೆ ಸಿಲಿಕಾನ್ ಬಿಲ್ಲೆಯ ಮೇಲೆ ಸಾಲಾಗಿರುವ ಲಕ್ಷಾಂತರ ಸಣ್ಣ ಚೌಕಗಳು. ಒಂದೊಂದು ಚೌಕವೂ ಒಂದು ಪಿಕ್ಸೆಲ್. ಬೆಳಕು ಬಿದ್ದಾಗ ಅಲ್ಲಿ ಎಲೆಕ್ಟ್ರಾನ್‌ಗಳು ಬಿಡುಗಡೆಯಾಗಿ ಸಂಗ್ರಹವಾಗುತ್ತವೆ. ಬೆಳಕು ಜಾಸ್ತಿಯಾದರೆ ಎಲೆಕ್ಟ್ರಾನೂ ಜಾಸ್ತಿ. ಇಲ್ಲಿಯವರೆಗೆ ಸಿಸಿಡಿಗೂ ಸಿಮಾಸ್‌ಗೂ ವ್ಯತ್ಯಾಸ ಇಲ್ಲ. ವ್ಯತ್ಯಾಸ ಇರುವುದು ಅವನ್ನು ಎಣಿಸುವ ಕ್ರಮದಲ್ಲಿ.

ಅಡಿಕೆ ಕೊಯ್ಲಿನ ದಿನ ತೋಟದ ಉದ್ದಕ್ಕೂ ಆಳುಗಳು ಸಾಲಾಗಿ ನಿಂತಿದ್ದಾರೆ ಅಂದುಕೊಳ್ಳಿ. ಎಲ್ಲರ ಕೈಯಲ್ಲೂ ಒಂದೊಂದು ಬುಟ್ಟಿ. ತಕ್ಕಡಿ ಇರುವುದು ಸಾಲಿನ ತುದಿಯಲ್ಲಿ, ಅದೂ ಒಂದೇ. ಬುಟ್ಟಿಗಳು ಕೈಯಿಂದ ಕೈಗೆ ದಾಟುತ್ತ ಹೋಗಿ ಒಂದಾದ ಮೇಲೆ ಒಂದರಂತೆ ತೂಕವಾಗುತ್ತವೆ. ಸಿಸಿಡಿ ಇದೇ ಕ್ರಮದಲ್ಲಿ ಕೆಲಸ ಮಾಡುತ್ತದೆ. ಎಲೆಕ್ಟ್ರಾನ್‌ಗಳು ಪಕ್ಕಪಕ್ಕಕ್ಕೆ ಸರಿಯುತ್ತ ಕೊನೆಯ ಆಂಪ್ಲಿಫೈಯರ್ ತಲುಪುತ್ತವೆ. ಸಿಮಾಸ್‌ನಲ್ಲಿ ಪ್ರತಿ ಆಳಿನ ಪಕ್ಕದಲ್ಲೂ ಒಂದು ತಕ್ಕಡಿ ಇರುತ್ತದೆ. ಅಂದರೆ ಪ್ರತಿ ಪಿಕ್ಸೆಲ್‌ಗೂ ತನ್ನದೇ ಆಂಪ್ಲಿಫೈಯರ್.

ಸಿಸಿಡಿಯನ್ನು ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ 1969ರಲ್ಲಿ ಕಂಡುಹಿಡಿದರು. ಅದಕ್ಕೆ 2009ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಇಂದಿನ ಸಿಮಾಸ್ ಸೆನ್ಸರ್ ರೂಪ ಪಡೆದದ್ದು 1990ರ ದಶಕದಲ್ಲಿ, ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿ, ಎರಿಕ್ ಫಾಸಮ್ ಅವರ ತಂಡದ ಕೆಲಸದಿಂದ. ಶುರುವಿನಲ್ಲಿ ಸಿಮಾಸ್ ಚಿತ್ರ ಚೆನ್ನಾಗಿರಲಿಲ್ಲ. ಅಷ್ಟೊಂದು ತಕ್ಕಡಿಗಳಿದ್ದರೆ ಒಂದೊಂದರ ತೂಕ ಒಂದೊಂದು ಥರ, ಅಲ್ವಾ? ಹಾಗಾಗಿ ಚಿತ್ರದ ಮೇಲೆ ಕದಲದ ಚುಕ್ಕೆ, ಗೆರೆಗಳು ಉಳಿಯುತ್ತಿದ್ದವು. ಸಿಸಿಡಿಯಲ್ಲಿ ಎಲ್ಲವನ್ನೂ ಒಂದೇ ತಕ್ಕಡಿ ತೂಗುವುದರಿಂದ ಚಿತ್ರ ಸಮನಾಗಿ ಬರುತ್ತಿತ್ತು. ಆ ಕಾಲದಲ್ಲಿ ಮದುವೆ ವಿಡಿಯೋದವರು ಸಿಸಿಡಿ ಕ್ಯಾಮೆರಾವನ್ನೇ ಕೇಳುತ್ತಿದ್ದುದಕ್ಕೆ ಸರಿಯಾದ ಕಾರಣವಿತ್ತು.

ಮುಂದೆ ಪರಿಸ್ಥಿತಿ ತಿರುಗಿದ್ದು ಬರೀ ಪಿಕ್ಸೆಲ್ ಸಂಖ್ಯೆಯಿಂದ. ಹಳೆಯ ಮಿನಿ ಡಿವಿ ಟೇಪಿನ ಒಂದು ಚಿತ್ರದಲ್ಲಿ 720×576 ಪಿಕ್ಸೆಲ್, ಅಂದರೆ ಸುಮಾರು ನಾಲ್ಕು ಲಕ್ಷ. ಫುಲ್ ಎಚ್‌ಡಿಯಲ್ಲಿ ಸುಮಾರು 20 ಲಕ್ಷ. 4ಕೆಯಲ್ಲಿ 3840×2160, ಸುಮಾರು 83 ಲಕ್ಷ. ಸೆಕೆಂಡಿಗೆ 50 ಚಿತ್ರ ತೆಗೆದರೆ 4ಕೆಗೆ ಸೆಕೆಂಡಿಗೆ 41 ಕೋಟಿ ಪಿಕ್ಸೆಲ್ ಓದಬೇಕು. ಇಷ್ಟನ್ನು ಒಂದೆರಡು ಬಾಗಿಲಿನಿಂದ ಹೊರಗೆ ತರಬೇಕಾದರೆ ಸಿಸಿಡಿ ತುಂಬ ವೇಗವಾಗಿ ಓಡಬೇಕು. ವೇಗ ಹೆಚ್ಚಾದಷ್ಟೂ ಶಾಖ ಹೆಚ್ಚು, ಬ್ಯಾಟರಿ ಖರ್ಚು ಹೆಚ್ಚು, ನಾಯ್ಸ್ (ಚಿತ್ರದಲ್ಲಿ ಗ್ರೇನ್ಸ್ ಆಗಿ ಕಾಣುವ ಏರುಪೇರು) ಕೂಡ ಹೆಚ್ಚು. ಸಿಮಾಸ್‌ನಲ್ಲಿ ಸಾವಿರಾರು ಕಂಬಸಾಲುಗಳು, ಅಂದರೆ ಪಿಕ್ಸೆಲ್‌ಗಳ ನೆಟ್ಟನೆ ಸಾಲುಗಳು, ಒಟ್ಟಿಗೆ ಓದುತ್ತವೆ. ಪ್ರತಿ ಕಂಬಸಾಲೂ ನಿಧಾನವಾಗಿ, ಶಾಂತವಾಗಿ ಕೆಲಸ ಮಾಡಿದರೂ ಒಟ್ಟು ಕೆಲಸ ಬೇಗ ಮುಗಿಯುತ್ತದೆ. 2015ರಲ್ಲಿ ಸೋನಿ ಕಂಪನಿಯೇ ಸಿಸಿಡಿ ತಯಾರಿಕೆಯನ್ನು ನಿಲ್ಲಿಸುವ ನಿರ್ಧಾರ ತಿಳಿಸಿತು. ಇವತ್ತು ಅಂಗಡಿಯಲ್ಲಿ ಸಿಗುವ ಹೊಸ ವಿಡಿಯೋ ಕ್ಯಾಮೆರಾ, ಮೊಬೈಲು, ಆ್ಯಕ್ಷನ್ ಕ್ಯಾಮೆರಾ ಎಲ್ಲವೂ ಸಿಮಾಸ್. ಅದಕ್ಕೇ 'ಇದು ಸಿಮಾಸ್ ಸೆನ್ಸರ್' ಅಂತ ಹೇಳಿದರೆ ನಿಮಗೆ ಹೊಸದಾಗಿ ಏನೂ ತಿಳಿದ ಹಾಗಾಗಲಿಲ್ಲ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಮಾತ್ರ ಸಿಸಿಡಿ ಪ್ರಶ್ನೆ ಇನ್ನೂ ಎದುರಾಗುತ್ತದೆ. ಹಳೆಯ ಸಿಸಿಡಿ ಕ್ಯಾಮೆರಾಗಳ ಬಣ್ಣ ಚೆಂದ ಅಂತ ಈಗಿನ ಹುಡುಗ ಹುಡುಗಿಯರು ಅವನ್ನು ಹುಡುಕಿ ಕೊಳ್ಳುತ್ತಿದ್ದಾರೆ. ಆ ಬಣ್ಣ ಚೆಂದವೇ ಇರಬಹುದು. ಆದರೆ ಅದು ಬಂದದ್ದು ಸಿಸಿಡಿಯಿಂದಲ್ಲ. ಪಿಕ್ಸೆಲ್ ಮೇಲಿನ ಬಣ್ಣದ ಫಿಲ್ಟರ್ ಮತ್ತು ಕ್ಯಾಮೆರಾದೊಳಗಿನ ಸಂಸ್ಕರಣೆಯಿಂದ. ಸಿಸಿಡಿಗೇ ಸೇರಿದ ಗುಣ ಅಂದರೆ ಎರಡು. ವಿಡಿಯೋ ಕ್ಯಾಮೆರಾಗಳಲ್ಲಿ ಬಳಸುತ್ತಿದ್ದ ಸಿಸಿಡಿ ಇಡೀ ಚಿತ್ರವನ್ನು ಒಂದೇ ಕ್ಷಣದಲ್ಲಿ ಹಿಡಿಯುತ್ತದೆ. ಇದು ದೊಡ್ಡ ಲಾಭ, ಮುಂದೆ ವಿವರಿಸುತ್ತೇನೆ. ಇನ್ನೊಂದು ಸ್ಮಿಯರ್ ಅನ್ನುವ ಕಾಟ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಸೂರ್ಯ ಮುಳುಗುವುದನ್ನು ಸಿಸಿಡಿ ಕ್ಯಾಮೆರಾದಲ್ಲಿ ತೆಗೆದರೆ ಸೂರ್ಯನ ಮೂಲಕ ಚಿತ್ರದ ಮೇಲಿಂದ ಕೆಳಗಿನವರೆಗೆ ಬೆಳಕಿನ ನೆಟ್ಟನೆ ಗೆರೆ ಬೀಳುತ್ತದೆ. ಎಲೆಕ್ಟ್ರಾನ್‌ಗಳು ಆ ದಾರಿಯಲ್ಲಿ ಸರಿಯುವಾಗ ಪ್ರಖರ ಬೆಳಕು ಅವುಗಳ ಜೊತೆ ಸೋರಿ ಸೇರಿಕೊಳ್ಳುವುದರಿಂದ ಹೀಗಾಗುತ್ತದೆ. ರಂಗಸ್ಥಳದ ದೀಪ ಚೌಕಟ್ಟಿನೊಳಗೆ ಬಂದರೂ ಇದೇ ಕಥೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಿಮ್ಮ ಮನೆಯಲ್ಲಿ ಆ ಕಾಲದ ಮದುವೆಯ, ಆಟದ ಟೇಪುಗಳು ಇದ್ದರೆ ಬೇಗ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ನಮ್ಮ ಮಳೆಗಾಲದ ತೇವಕ್ಕೆ ಟೇಪು ಬಹಳ ವರ್ಷ ತಾಳುವುದಿಲ್ಲ. ಅದನ್ನು ಓಡಿಸುವ ಯಂತ್ರಗಳೂ ಕಡಿಮೆಯಾಗುತ್ತಿವೆ.

ಮೂರು ಚಿಪ್, ಒಂದು ಚಿಪ್

ಪಿಕ್ಸೆಲ್‌ಗೆ ಬಣ್ಣ ಗೊತ್ತಿಲ್ಲ. ಅದು ಎಣಿಸುವುದು ಬೆಳಕನ್ನು ಮಾತ್ರ. ಬಣ್ಣ ತಿಳಿಯಬೇಕಾದರೆ ಪ್ರತಿ ಪಿಕ್ಸೆಲ್ ಮೇಲೂ ಕೆಂಪು, ಹಸಿರು ಅಥವಾ ನೀಲಿ ಫಿಲ್ಟರ್ ಕೂರಿಸಬೇಕು. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ ಇದಕ್ಕೆ ಒಂದು ಜೋಡಣೆ ಮಾಡಿ 1976ರಲ್ಲಿ ಪೇಟೆಂಟ್ ಪಡೆದರು. ಅರ್ಧದಷ್ಟು ಪಿಕ್ಸೆಲ್ ಹಸಿರು, ಕಾಲುಭಾಗ ಕೆಂಪು, ಕಾಲುಭಾಗ ನೀಲಿ. ಉಳಿದ ಬಣ್ಣವನ್ನು ಕ್ಯಾಮೆರಾ ಅಕ್ಕಪಕ್ಕ ನೋಡಿ ಊಹಿಸುತ್ತದೆ. ಇವತ್ತಿಗೂ ಹೆಚ್ಚಿನ ಕ್ಯಾಮೆರಾಗಳಲ್ಲಿ ಇದೇ ಕ್ರಮ.

ಯಕ್ಷಗಾನಕ್ಕೆ ಇದರಿಂದ ನೇರ ತೊಂದರೆ ಇದೆ. ಕೆಂಪು ಬಟ್ಟೆಯ ಮೇಲೆ ಮಂದ ಬೆಳಕು ಬಿದ್ದಾಗ ಕೆಲಸಕ್ಕೆ ಬರುವುದು ಹೆಚ್ಚಾಗಿ ಕೆಂಪು ಪಿಕ್ಸೆಲ್‌ಗಳು, ಅಂದರೆ ನಾಲ್ಕರಲ್ಲಿ ಒಂದು. ಈಗಿನ ಆಟಗಳಲ್ಲಿ ನೀಲಿ ಎಲ್‌ಇಡಿ ಬಿಡುತ್ತಾರೆ. ಆಗ ಪಾಲು ನೀಲಿ ಪಿಕ್ಸೆಲ್‌ಗಳದು, ಅದೂ ನಾಲ್ಕರಲ್ಲಿ ಒಂದೇ. ಬಟ್ಟೆಯ ಮಡಿಕೆ, ಅಂಚು, ಕಸೂತಿ ಕಾಣದೆ ಹೋಗುವುದು ಇದರಿಂದ. ಆ ಬಣ್ಣ ಪೂರ್ತಿ ತುಂಬಿ ಸುಟ್ಟುಹೋದರೂ ಹಾಗೇ ಆಗುತ್ತದೆ.

ಮೊದಲು ಇದಕ್ಕೆ 3ಸಿಸಿಡಿ ಅನ್ನುವ ಪರಿಹಾರ ಇತ್ತು. ಲೆನ್ಸಿನ ಹಿಂದೆ ಒಂದು ಪ್ರಿಸಂ ಇಟ್ಟು ಬೆಳಕನ್ನು ಮೂರು ಬಣ್ಣಕ್ಕೆ ಒಡೆದು ಮೂರು ಸೆನ್ಸರ್‌ಗೆ ಕಳಿಸುವುದು. ಸೋನಿ 1995ರಲ್ಲಿ ತಂದ ವಿಎಕ್ಸ್1000 ಕ್ಯಾಮೆರಾ ಇದನ್ನು ಸಾಮಾನ್ಯ ಗ್ರಾಹಕರ ಕೈಗೆ ತಂದಿತು. ಫಿಲ್ಟರ್ ನುಂಗುವ ಬೆಳಕೂ ಉಳಿಯಿತು, ಬಣ್ಣದ ವಿವರವೂ ಪೂರ್ತಿ ಸಿಕ್ಕಿತು. ಆದರೆ ಪ್ರಿಸಂಗೆ ಜಾಗ ಬೇಕು. ದೊಡ್ಡ ಸೆನ್ಸರ್ ಹಾಕಲು ಆಗುವುದಿಲ್ಲ, ಬೆಲೆಯೂ ಜಾಸ್ತಿ.

ಈಗ ಇದರ ಅಗತ್ಯ ಬಹಳ ಮಟ್ಟಿಗೆ ಮುಗಿದಿದೆ. ಕಾರಣ ಸರಳ. ಒಂದೇ ಸೆನ್ಸರ್‌ನಿಂದ 4ಕೆ ತೆಗೆದು ಫುಲ್ ಎಚ್‌ಡಿಗೆ ಇಳಿಸಿದರೆ ನಾಲ್ಕು ಪಿಕ್ಸೆಲ್ ಸೇರಿ ಒಂದಾಗುತ್ತವೆ. ಆ ನಾಲ್ಕರಲ್ಲಿ ಒಂದು ಕೆಂಪು, ಎರಡು ಹಸಿರು, ಒಂದು ನೀಲಿ. ಅಂದರೆ ಎಚ್‌ಡಿಯ ಪ್ರತಿ ಪಿಕ್ಸೆಲ್‌ಗೂ ಮೂರು ಬಣ್ಣದ ನಿಜವಾದ ಅಳತೆ ಸಿಗುತ್ತದೆ, ಊಹೆ ಬೇಕಾಗುವುದಿಲ್ಲ. ಆಟವನ್ನು ಎಚ್‌ಡಿಯಲ್ಲೇ ಹಂಚುವವರೂ 4ಕೆಯಲ್ಲಿ ತೆಗೆಯುವುದು ಒಳ್ಳೆಯದು ಅಂತ ನಾನು ಹೇಳುವುದು ಈ ಕಾರಣಕ್ಕೆ.

ಗ್ರೇನ್ಸ್ ಎಲ್ಲಿಂದ ಬರುತ್ತದೆ

ಗ್ರೇನ್ಸ್ ಬಂದರೆ ಸೆನ್ಸರ್ ಕೆಟ್ಟದ್ದು ಅಂತ ಹಲವರು ಅಂದುಕೊಳ್ಳುತ್ತಾರೆ. ಹೆಚ್ಚಿನ ಸಲ ಸೆನ್ಸರ್ ತಪ್ಪಿಲ್ಲ. ಬೆಳಕು ಬರುವುದೇ ಬಿಡಿಬಿಡಿ ಕಣಗಳಾಗಿ. ಆ ಕಣಕ್ಕೆ ಫೋಟಾನ್ ಅನ್ನುತ್ತಾರೆ. ಅವು ಸಮನಾಗಿ ಬೀಳುವುದಿಲ್ಲ. ಸರಾಸರಿ 100 ಫೋಟಾನ್ ಬೀಳುವ ಪಿಕ್ಸೆಲ್‌ಗೆ ಒಂದು ಚಿತ್ರದಲ್ಲಿ 92 ಬಂದರೆ ಇನ್ನೊಂದರಲ್ಲಿ 109 ಬರುತ್ತದೆ. ಈ ಏರುಪೇರು ಒಟ್ಟು ಸಂಖ್ಯೆಯ ವರ್ಗಮೂಲದಷ್ಟಿರುತ್ತದೆ. 100ಕ್ಕೆ 10, ಅಂದರೆ ನೂರಕ್ಕೆ ಹತ್ತರಷ್ಟು ಅಲುಗಾಟ. 10,000 ಫೋಟಾನ್ ಬಿದ್ದರೆ ಏರುಪೇರು 100, ಅಂದರೆ ನೂರಕ್ಕೆ ಒಂದೇ. ಮಂದ ಬೆಳಕಿನಲ್ಲಿ ನೆರಳಿನ ಭಾಗ ಕುಣಿಯುವುದಕ್ಕೆ ಇದೇ ಮುಖ್ಯ ಕಾರಣ. ಇದನ್ನು ಯಾವ ಕಂಪನಿಯೂ ತಪ್ಪಿಸಲಾರದು. ಇರುವ ದಾರಿ ಒಂದೇ, ಹೆಚ್ಚು ಬೆಳಕು ಹಿಡಿಯುವುದು.

ಒಟ್ಟು ಬೆಳಕು ಎರಡು ಸಂಗತಿಯ ಮೇಲೆ ನಿಂತಿದೆ. ಸೆನ್ಸರ್‌ನ ವಿಸ್ತೀರ್ಣ ಮತ್ತು ಲೆನ್ಸಿನ ಎಫ್ ಸಂಖ್ಯೆ, ಅಂದರೆ ಲೆನ್ಸಿನ ಕಿಂಡಿ ಎಷ್ಟು ತೆರೆದಿದೆ ಅನ್ನುವ ಅಳತೆ. ಸೆನ್ಸರ್ ದೊಡ್ಡದಾಗಿದ್ದಷ್ಟೂ, ಎಫ್ ಸಂಖ್ಯೆ ಚಿಕ್ಕದಾಗಿದ್ದಷ್ಟೂ ಬೆಳಕು ಜಾಸ್ತಿ. ಅಂಗಡಿಯಲ್ಲಿ ಎಲ್ಲರೂ ಮೊದಲನೆಯದನ್ನು ಹೇಳುತ್ತಾರೆ, ಎರಡನೆಯದನ್ನು ಬಿಡುತ್ತಾರೆ.

ಸೆನ್ಸರ್ ಅಳತೆಗಳು ಹೀಗಿವೆ. ಫುಲ್ ಫ್ರೇಮ್ 36×24 ಮಿ.ಮೀ., ವಿಸ್ತೀರ್ಣ 864 ಚದರ ಮಿ.ಮೀ. ಎಪಿಎಸ್-ಸಿ ಸುಮಾರು 23.5×15.6, ಅಂದರೆ 366. ಒಂದು ಇಂಚಿನ ಸೆನ್ಸರ್ 13.2×8.8, ಅಂದರೆ 116. ಇದರ ಕರ್ಣ ಸುಮಾರು 16 ಮಿ.ಮೀ. ಮಾತ್ರ, ಒಂದು ಇಂಚು ಎಲ್ಲೂ ಇಲ್ಲ. ಹಳೆಯ ಟಿವಿ ಕ್ಯಾಮೆರಾಗಳ ಗಾಜಿನ ಟ್ಯೂಬಿನ ಹೊರಗಿನ ವ್ಯಾಸ ಹೇಳುವ ಪದ್ಧತಿ ಹಾಗೇ ಉಳಿದಿದೆ. ಸಾಮಾನ್ಯ ಹ್ಯಾಂಡಿಕ್ಯಾಮ್‌ನ ಸಣ್ಣ ಸೆನ್ಸರ್ ಸುಮಾರು 25 ಚದರ ಮಿ.ಮೀ.

ಈಗ ಒಂದು ಸುಲಭ ಲೆಕ್ಕ ಮಾಡಿ. ವಿಸ್ತೀರ್ಣವನ್ನು ಎಫ್ ಸಂಖ್ಯೆಯ ವರ್ಗದಿಂದ ಭಾಗಿಸಿ. ಬರುವ ಅಂಕಿ ಒಟ್ಟು ಬೆಳಕಿನ ಅಂದಾಜು. ಹ್ಯಾಂಡಿಕ್ಯಾಮ್ ಎಫ್ 2ರಲ್ಲಿ: 25 ಭಾಗ 4, ಸುಮಾರು 6. ಒಂದು ಇಂಚಿನ ಕ್ಯಾಮೆರಾ ಎಫ್ 2.8ರಲ್ಲಿ: 116 ಭಾಗ 7.84, ಸುಮಾರು 15. ಎಪಿಎಸ್-ಸಿ ಕ್ಯಾಮೆರಾ ಜೊತೆ ಬರುವ ಕಿಟ್ ಲೆನ್ಸನ್ನು ಪೂರ್ತಿ ಜೂಮ್ ಮಾಡಿದಾಗ ಎಫ್ 5.6 ಆಗುತ್ತದೆ: 366 ಭಾಗ 31.4, ಸುಮಾರು 12.

ಇದನ್ನು ಸ್ವಲ್ಪ ನಿಂತು ನೋಡಿ. ಮೂರು ಪಟ್ಟು ದೊಡ್ಡ ಸೆನ್ಸರ್ ಇದ್ದರೂ ಕಿಟ್ ಲೆನ್ಸಿನ ಜೊತೆ ಅದು ಒಂದು ಇಂಚಿನ ಕ್ಯಾಮೆರಾಕ್ಕಿಂತ ಕಡಿಮೆ ಬೆಳಕು ಹಿಡಿಯಬಹುದು. ದೊಡ್ಡ ಸೆನ್ಸರ್ ಅಂತ ಹಣ ಕೊಟ್ಟು, ಕಿಟ್ ಲೆನ್ಸಿನಲ್ಲೇ ಆಟ ತೆಗೆದು, ಗ್ರೇನ್ಸ್ ಬಂತು ಅಂತ ಬೇಸರ ಪಡುವವರು ಬಹಳ ಜನ ಇದ್ದಾರೆ. ಅದೇ ಕ್ಯಾಮೆರಾಕ್ಕೆ ಎಫ್ 1.8ರ ಜೂಮ್ ಇಲ್ಲದ ಲೆನ್ಸ್ ಹಾಕಿದರೆ ಅಂಕಿ 113ಕ್ಕೆ ಏರುತ್ತದೆ. ಫುಲ್ ಫ್ರೇಮ್ ಕ್ಯಾಮೆರಾಕ್ಕೆ ಎಫ್ 2.8ರ ದುಬಾರಿ ಜೂಮ್ ಹಾಕಿದರೂ 110. ಅಂದರೆ ಸಾಧಾರಣ ಬೆಲೆಯ ಲೆನ್ಸೊಂದು ಸೆನ್ಸರ್‌ನ ಕೊರತೆಯನ್ನು ತುಂಬಿಬಿಟ್ಟಿತು.

ಲೆಕ್ಕಕ್ಕೆ ಒಂದು ಷರತ್ತಿದೆ. ಕೆಲವು ಕ್ಯಾಮೆರಾಗಳು 4ಕೆ ವಿಡಿಯೋಗೆ ಸೆನ್ಸರ್‌ನ ನಡುವಿನ ಭಾಗ ಮಾತ್ರ ಬಳಸುತ್ತವೆ. ಆಗ ವಿಸ್ತೀರ್ಣ ಕಡಿಮೆಯಾಯಿತು. ಕ್ಯಾಮೆರಾ ಕೈಗೆ ತೆಗೆದುಕೊಂಡು ಫೋಟೋ ಮೋಡ್‌ನಿಂದ 4ಕೆ ಮೋಡ್‌ಗೆ ತಿರುಗಿಸಿ. ದೃಶ್ಯ ಎರಡೂ ಪಕ್ಕದಲ್ಲಿ ಕತ್ತರಿಸಿಕೊಂಡು ಹತ್ತಿರ ಬಂದರೆ ಹಾಗೆ ಆಗುತ್ತಿದೆ ಅಂತ ಅರ್ಥ.

ಮೆಗಾಪಿಕ್ಸೆಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 4ಕೆ ವಿಡಿಯೋಗೆ ಬೇಕಾದ್ದು ಎಂಟು ಚಿಲ್ಲರೆ ಮೆಗಾಪಿಕ್ಸೆಲ್. ಮೊಬೈಲಿನ 50 ಮೆಗಾಪಿಕ್ಸೆಲ್ ಸೆನ್ಸರ್‌ಗಳು ಸಾಮಾನ್ಯವಾಗಿ ನಾಲ್ಕು ನಾಲ್ಕು ಪಿಕ್ಸೆಲ್ ಕೂಡಿಸಿ ಒಂದು ಮಾಡಿಯೇ ಕೆಲಸ ಮಾಡುತ್ತವೆ.

ಬಿಎಸ್‌ಐ ಅಂದರೆ ಪಿಕ್ಸೆಲ್‌ನ ವೈರಿಂಗನ್ನು ಬೆಳಕು ಬೀಳುವ ಕಡೆಯಿಂದ ತೆಗೆದು ಹಿಂಭಾಗಕ್ಕೆ ಹಾಕಿರುವುದು. ಮೊದಲು ಬೆಳಕು ವೈರಿಂಗ್ ನಡುವಿನ ಸಂದಿಯಿಂದ ಇಳಿಯಬೇಕಿತ್ತು. ಸೋನಿ ಇದನ್ನು 2009ರಲ್ಲಿ ಹ್ಯಾಂಡಿಕ್ಯಾಮ್‌ಗಳಿಗೆ ತಂದಿತು. ಪಿಕ್ಸೆಲ್ ತೀರ ಚಿಕ್ಕದಿರುವ ಮೊಬೈಲು, ಹ್ಯಾಂಡಿಕ್ಯಾಮ್‌ಗಳಿಗೆ ಇದರಿಂದ ಒಳ್ಳೆಯ ಲಾಭ. ಫುಲ್ ಫ್ರೇಮ್‌ನ ದೊಡ್ಡ ಪಿಕ್ಸೆಲ್‌ಗೆ ವೈರಿಂಗ್ ಅಷ್ಟೇನೂ ಅಡ್ಡಿಯಾಗಿರಲಿಲ್ಲ, ಹಾಗಾಗಿ ಲಾಭವೂ ಕಡಿಮೆ.

ವಿಸ್ತೀರ್ಣದಿಂದ ಇನ್ನೊಂದು ಉಪಯೋಗ ಹಗಲಿನಲ್ಲಿ ಸಿಗುತ್ತದೆ. ಶಿರಸಿ ಕಡೆಯ ಅಡಿಕೆ ತೋಟದಲ್ಲಿ ಮಧ್ಯಾಹ್ನ ಕ್ಯಾಮೆರಾ ಹಿಡಿದು ನೋಡಿ. ಮರದ ತಲೆಯ ಸಂದಿಯಲ್ಲಿ ಉರಿಯುವ ಆಕಾಶ, ಕೆಳಗೆ ಕಪ್ಪು ನೆರಳು, ನಡುವೆ ಅಲ್ಲಲ್ಲಿ ಬಿಸಿಲಿನ ಚುಕ್ಕೆ. ಪ್ರತಿ ಪಿಕ್ಸೆಲ್‌ಗೂ ಇಷ್ಟೇ ಎಲೆಕ್ಟ್ರಾನ್ ಹಿಡಿಯುತ್ತೇನೆ ಅನ್ನುವ ಮಿತಿ ಇದೆ. ಚಿಕ್ಕ ಪಿಕ್ಸೆಲ್ ಬೇಗ ತುಂಬಿ ಆಕಾಶ ಬಿಳಿಯಾಗಿ ಸುಟ್ಟುಹೋಗುತ್ತದೆ. ಆಕಾಶ ಉಳಿಸಲು ಬೆಳಕು ಕಡಿಮೆ ಮಾಡಿದರೆ ನೆರಳು ಗ್ರೇನ್ಸ್‌ನಿಂದ ತುಂಬುತ್ತದೆ. ತೋಟ, ಕಾಡು ತೆಗೆಯುವವರಿಗೆ ದೊಡ್ಡ ಪಿಕ್ಸೆಲ್‌ನ ಬೆಲೆ ಗೊತ್ತಾಗುವುದು ಇಲ್ಲೇ.

ಓರೆಯಾಗುವ ರೈಲು

ಈಗ ಎರಡನೆಯ ಪ್ರಶ್ನೆ. ಸಾಮಾನ್ಯ ಸಿಮಾಸ್ ಸೆನ್ಸರ್ ಚಿತ್ರವನ್ನು ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಒಂದೊಂದಾಗಿ ಓದುತ್ತದೆ. ಇದಕ್ಕೆ ರೋಲಿಂಗ್ ಶಟರ್ ಅನ್ನುತ್ತಾರೆ. ಮೇಲಿನ ಸಾಲು ಓದಿದ ಸಮಯಕ್ಕೂ ಕೆಳಗಿನ ಸಾಲು ಓದಿದ ಸಮಯಕ್ಕೂ ಅಂತರ ಇರುತ್ತದೆ. ಕ್ಯಾಮೆರಾಕ್ಕೆ ತಕ್ಕಂತೆ ಅದು ಸುಮಾರು 5ರಿಂದ 30 ಮಿಲಿಸೆಕೆಂಡ್.

ಅಷ್ಟರಲ್ಲಿ ಏನಾಗುತ್ತದೆ ಅಂತ ನೋಡೋಣ. ಹೊನ್ನಾವರದ ಶರಾವತಿ ಸೇತುವೆಯ ಮೇಲೆ ಕೊಂಕಣ ರೈಲು ಗಂಟೆಗೆ 90 ಕಿ.ಮೀ. ವೇಗದಲ್ಲಿ ಹೋಗುತ್ತಿದೆ ಅಂದುಕೊಳ್ಳಿ. ಅಂದರೆ ಸೆಕೆಂಡಿಗೆ 25 ಮೀಟರ್. ಬೋಗಿಯ ನೆತ್ತಿಯಿಂದ ಗಾಲಿಯವರೆಗೆ ಚೌಕಟ್ಟು ತುಂಬಿದ್ದು, ಸೆನ್ಸರ್ ಓದಲು 20 ಮಿಲಿಸೆಕೆಂಡ್ ತೆಗೆದುಕೊಂಡರೆ, ಗಾಲಿಯ ಸಾಲು ಓದುವ ಹೊತ್ತಿಗೆ ರೈಲು ಅರ್ಧ ಮೀಟರ್ ಮುಂದೆ ಹೋಗಿರುತ್ತದೆ. ಚಿತ್ರದಲ್ಲಿ ಕಿಟಕಿಗಳೆಲ್ಲ ಓರೆ. ಓದುವ ಸಮಯ 4 ಮಿಲಿಸೆಕೆಂಡ್ ಆದರೆ ವ್ಯತ್ಯಾಸ 10 ಸೆಂ.ಮೀ.ಗೆ ಇಳಿಯುತ್ತದೆ, ಕಣ್ಣು ಅದನ್ನು ಗಮನಿಸುವುದಿಲ್ಲ. ಹಾಗೆ ವೇಗವಾಗಿ ಓದಲೆಂದೇ ಬಂದದ್ದು ಸ್ಟ್ಯಾಕ್ಡ್ ಸೆನ್ಸರ್. ಪಿಕ್ಸೆಲ್‌ನ ಪದರದ ಕೆಳಗೆ ಓದುವ ಸರ್ಕ್ಯೂಟಿನ ಇನ್ನೊಂದು ಚಿಪ್ ಅನ್ನು ಜೋಡಿಸಿರುತ್ತಾರೆ.

ಕ್ಯಾಮೆರಾ ಅಲುಗಾಡಿದರೂ ಇದೇ ತೊಂದರೆ. ಕಾರವಾರದಲ್ಲಿ ಎಂಜಿನ್ ದೋಣಿಯ ಅಂಚಿಗೆ ಆ್ಯಕ್ಷನ್ ಕ್ಯಾಮೆರಾ ಬಿಗಿದು ಹೊರಟರೆ ಎಂಜಿನ್ನಿನ ನಡುಕಕ್ಕೆ ದಿಗಂತ, ದ್ವೀಪ ಎಲ್ಲ ಬಳುಕುತ್ತವೆ. ದೇವಿಮನೆ ಘಾಟಿಯಲ್ಲಿ ಬೈಕಿಗೆ ಕಟ್ಟಿದ ಕ್ಯಾಮೆರಾ ಕೂಡ ಹಾಗೇ. ಇದಕ್ಕೆ ಜೆಲ್ಲಿ ಎಫೆಕ್ಟ್ ಅನ್ನುತ್ತಾರೆ. ಕ್ಯಾಮೆರಾದ ಎಲೆಕ್ಟ್ರಾನಿಕ್ ಸ್ಟೆಬಿಲೈಸೇಶನ್ ಚಿತ್ರದಿಂದ ಚಿತ್ರಕ್ಕೆ ಆಗುವ ಅಲುಗಾಟವನ್ನು ಸರಿಪಡಿಸುತ್ತದೆ. ಆದರೆ ಒಂದೇ ಚಿತ್ರದ ಒಳಗಾದ ಈ ವೇಗದ ಬಳುಕನ್ನು ಪೂರ್ತಿ ಸರಿಮಾಡಲಾರದು. ಕ್ಯಾಮೆರಾದ ಕೆಳಗೆ ದಪ್ಪ ರಬ್ಬರ್ ಇಟ್ಟು ನಡುಕ ತಡೆಯುವುದು ಹೆಚ್ಚು ಫಲ ಕೊಡುತ್ತದೆ.

ಮದುವೆಯಲ್ಲಿ ತೊಂದರೆ ಕೊಡುವುದು ಫೋಟೋ ಫ್ಲ್ಯಾಶ್. ಧಾರೆ ಎರೆಯುವ ಹೊತ್ತಿಗೆ ನಾಲ್ಕು ಕಡೆಯಿಂದ ಫ್ಲ್ಯಾಶ್ ಬೀಳುತ್ತದೆ. ಫ್ಲ್ಯಾಶ್ ಇರುವುದು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗದಷ್ಟು, ಅಥವಾ ಅದಕ್ಕೂ ಕಡಿಮೆ. ಆ ಕ್ಷಣ ಬೆಳಕು ಹಿಡಿಯುತ್ತಿದ್ದ ಸಾಲುಗಳಿಗೆ ಮಾತ್ರ ಅದು ತಾಗುತ್ತದೆ. ಹಾಗಾಗಿ ಅರ್ಧ ಚಿತ್ರ ಬೆಳ್ಳಗೆ, ಉಳಿದರ್ಧ ಮಾಮೂಲು. ಮೇ ತಿಂಗಳಲ್ಲಿ ಕಡಲ ಮೇಲಿನ ಮಿಂಚನ್ನು ತೆಗೆದಾಗಲೂ ಇದೇ ಅರ್ಧಂಬರ್ಧ ಚಿತ್ರ ಸಿಗುತ್ತದೆ. ಸಿಸಿಡಿಯಲ್ಲಿ ಈ ಸಮಸ್ಯೆ ಇರಲಿಲ್ಲ.

ಎಲ್‌ಇಡಿ ಪಟ್ಟೆಗೂ ಮೂಲ ಇದೇ. ನಮ್ಮ ಕರೆಂಟ್ 50 ಹರ್ಟ್ಸ್. ಹಾಗಾಗಿ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತವೆ. ನಮ್ಮ ಕಣ್ಣಿಗೆ ಗೊತ್ತಾಗುವುದಿಲ್ಲ. ಸಾಲುಸಾಲಾಗಿ ಓದುವ ಸೆನ್ಸರ್‌ಗೆ ಗೊತ್ತಾಗುತ್ತದೆ. ಶಟರ್ ವೇಗವನ್ನು, ಅಂದರೆ ಒಂದು ಚಿತ್ರಕ್ಕೆ ಬೆಳಕು ಹಿಡಿಯುವ ಸಮಯವನ್ನು, 1/50 ಅಥವಾ 1/100 ಸೆಕೆಂಡಿಗೆ ಇಟ್ಟರೆ ಪ್ರತಿ ಸಾಲಿಗೂ ಮಿನುಗಿನ ಪೂರ್ತಿ ಸುತ್ತುಗಳು ಸಿಗುತ್ತವೆ, ಪಟ್ಟೆ ಹೋಗುತ್ತದೆ. ಸುಮ್ನೆ ಆಟೋ ಮೋಡ್‌ನಲ್ಲಿ ಬಿಟ್ಟರೆ ಕ್ಯಾಮೆರಾ 1/60, 1/120 ಹಿಡಿಯುವುದುಂಟು. ಶಿರಸಿ ಮಾರಿಕಾಂಬಾ ಜಾತ್ರೆಯಲ್ಲಿ ಬಿಡಕಿ ಬಯಲಿನ ಸೀರಿಯಲ್ ದೀಪಗಳನ್ನು ತೆಗೆಯುವಾಗ ಇದನ್ನು ಮರೆಯಬೇಡಿ. ಕೆಲವು ಎಲ್‌ಇಡಿಗಳು ಬೇರೆಯೇ ವೇಗದಲ್ಲಿ ಮಿನುಗುತ್ತವೆ. ಅವಕ್ಕೆ ಶಟರನ್ನು ಸ್ವಲ್ಪ ಸ್ವಲ್ಪ ಬದಲಿಸಿ ನೋಡಬೇಕು.

ಇದೆಲ್ಲಕ್ಕೂ ಒಂದೇ ಮದ್ದು ಗ್ಲೋಬಲ್ ಶಟರ್, ಅಂದರೆ ಎಲ್ಲ ಪಿಕ್ಸೆಲ್ ಒಂದೇ ಕ್ಷಣದಲ್ಲಿ ಬೆಳಕು ಹಿಡಿಯುವ ಸಿಮಾಸ್. 2023ರಲ್ಲಿ ಸೋನಿ ಪ್ರಕಟಿಸಿದ ಆಲ್ಫಾ 9 ಮಾರ್ಕ್ 3 ಇಂಥ ಸೆನ್ಸರ್ ಇರುವ ಮೊದಲ ಫುಲ್ ಫ್ರೇಮ್ ಮಿರರ್‌ಲೆಸ್ ಕ್ಯಾಮೆರಾ. ಆದರೆ ಓದುವವರೆಗೆ ಎಲೆಕ್ಟ್ರಾನ್‌ಗಳನ್ನು ಇಟ್ಟುಕೊಳ್ಳಲು ಪ್ರತಿ ಪಿಕ್ಸೆಲ್ ಒಳಗೂ ಒಂದು ಜಾಗ ಬೇಕು. ಅಷ್ಟು ಜಾಗ ಬೆಳಕು ಹಿಡಿಯುವ ಭಾಗಕ್ಕೆ ಕಡಿಮೆಯಾಗುತ್ತದೆ. ಬೆಲೆಯೂ ನಮ್ಮಂಥವರ ಕೈಗೆ ಎಟುಕುವುದಿಲ್ಲ. ಆಟಕ್ಕೆ, ಮದುವೆಗೆ ಇದನ್ನು ಕಾಯುತ್ತ ಕೂರುವ ಅಗತ್ಯ ಇಲ್ಲ.

ಹಾಗಾದರೆ ಯಾವುದು

ಆಟ ತೆಗೆಯುವವರಿಗೆ ನನ್ನ ಸಲಹೆ ಒಂದು ಇಂಚಿನ ಸೆನ್ಸರ್ ಇರುವ ಕ್ಯಾಮ್‌ಕಾರ್ಡರ್. ಫುಲ್ ಫ್ರೇಮ್ ಅಲ್ಲ. ಕಾರಣ ಇದೆ. ಪ್ರೇಕ್ಷಕರ ಹಿಂದೆ ಸ್ಟ್ಯಾಂಡ್ ಹಾಕಿ ರಂಗಸ್ಥಳವನ್ನು ಹತ್ತಿರಕ್ಕೆ ತರಬೇಕು. ಜೂಮ್ ನಿಧಾನವಾಗಿ, ಹದವಾಗಿ ಹೋಗಬೇಕು. ಮಂಡಿ ಕುಣಿತದಲ್ಲಿ ವೇಷಧಾರಿ ಮುಂದೆ ಹಿಂದೆ ಸುತ್ತುವಾಗ ಫೋಕಸ್ ತಪ್ಪಬಾರದು. ಫುಲ್ ಫ್ರೇಮಿನಲ್ಲಿ ಲೆನ್ಸ್ ಪೂರ್ತಿ ತೆರೆದರೆ ಫೋಕಸ್ ಇರುವ ಆಳ ತೀರ ಕಡಿಮೆ. ಕುಣಿಯುವವರು ಸ್ಪಷ್ಟ ಬಂದರೆ ಭಾಗವತರು ಮಸುಕು. ಆಳ ಬೇಕು ಅಂತ ಲೆನ್ಸಿನ ಕಿಂಡಿ ಕಿರಿದು ಮಾಡಿದರೆ ದೊಡ್ಡ ಸೆನ್ಸರ್‌ನಿಂದ ಬಂದ ಬೆಳಕಿನ ಲಾಭ ಅಷ್ಟೂ ಹೋಯಿತು. ಇನ್ನೊಂದು ಕಾರಣ ಶಾಖ. ಕಾಲಮಿತಿ ಆಟವೇ ಗಂಟೆಗಟ್ಟಲೆ ನಡೆಯುತ್ತದೆ, ಇಡೀ ರಾತ್ರಿಯ ಆಟದ ಮಾತು ಬೇರೆಯೇ. ಫೋಟೋಗೆಂದು ಮಾಡಿದ ಕ್ಯಾಮೆರಾಗಳಲ್ಲಿ ಕೆಲವು ಬಿಸಿಯಾಗಿ ನಿಂತುಬಿಡುತ್ತವೆ. ಹಳೆಯ ಹಲವು ಮಾಡೆಲ್‌ಗಳು 29 ನಿಮಿಷ 59 ಸೆಕೆಂಡಿಗೆ ರೆಕಾರ್ಡಿಂಗ್ ನಿಲ್ಲಿಸುತ್ತವೆ. 30 ನಿಮಿಷ ದಾಟಿದರೆ ಅದನ್ನು ವಿಡಿಯೋ ಕ್ಯಾಮೆರಾ ಅಂತ ಲೆಕ್ಕ ಹಿಡಿದು ಯುರೋಪಿನಲ್ಲಿ ಹೆಚ್ಚು ಸುಂಕ ಹಾಕುತ್ತಿದ್ದುದು ಅದರ ಹಿಂದಿನ ಕಾರಣ. ಪ್ರಸಂಗದ ನಡುವೆ ಪದ್ಯ ತುಂಡಾದರೆ ಆ ದಾಖಲೆಗೆ ಅರ್ಥವೇ ಉಳಿಯುವುದಿಲ್ಲ.

ಮದುವೆಗೆ ಎಪಿಎಸ್-ಸಿ ಕ್ಯಾಮೆರಾ, ಎಫ್ 1.8ರ ಒಂದು ಲೆನ್ಸ್ ಸಾಕು. ಹಿನ್ನೆಲೆ ಮಸುಕಾಗುವುದು ಅಲ್ಲಿ ಚೆಂದವೇ.

ದಾಂಡೇಲಿಯ ಮಂಗಟ್ಟೆ ಹಕ್ಕಿ ತೆಗೆಯುವವರು ಸಣ್ಣ ಸೆನ್ಸರ್ ಅಂತ ಹಿಂಜರಿಯಬೇಕಿಲ್ಲ. ಫುಲ್ ಫ್ರೇಮಿನಲ್ಲಿ 600 ಮಿ.ಮೀ. ಲೆನ್ಸಿನಿಂದ ಸಿಗುವ ಹತ್ತಿರದ ನೋಟ ಹ್ಯಾಂಡಿಕ್ಯಾಮ್ ಅಳತೆಯ ಸೆನ್ಸರ್‌ಗೆ ಸುಮಾರು 100 ಮಿ.ಮೀ. ಲೆನ್ಸಿನಿಂದಲೇ ಸಿಗುತ್ತದೆ. ಒಳ್ಳೆಯ ಹಗಲು ಬೆಳಕಿದ್ದರೆ ಅದರಲ್ಲಿ ಏನೂ ಕೊರತೆ ಕಾಣುವುದಿಲ್ಲ. ಮಳೆಗಾಲದ ಕಾಡಿನ ಮಬ್ಬಿನಲ್ಲಿ ಮಾತ್ರ ಅದು ಸೋಲುತ್ತದೆ.

ಕರಾವಳಿಯಲ್ಲಿ ಇರುವವರು ಇನ್ನೊಂದನ್ನೂ ಯೋಚಿಸಬೇಕು. ಲೆನ್ಸ್ ಬದಲಿಸುವ ಕ್ಯಾಮೆರಾದಲ್ಲಿ ಪ್ರತಿ ಸಲ ಸೆನ್ಸರ್ ಗಾಳಿಗೆ ತೆರೆದುಕೊಳ್ಳುತ್ತದೆ. ಕಡಲತೀರದಲ್ಲಿ ಉಪ್ಪು, ಮರಳು ಒಳಗೆ ಹೋಗುತ್ತದೆ. ಲೆನ್ಸ್ ಬಿಚ್ಚಲಾಗದ ಕ್ಯಾಮ್‌ಕಾರ್ಡರ್‌ಗೆ ಈ ಭಯ ಬಹಳ ಕಡಿಮೆ. ಯಾವುದೇ ಆಗಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಕಪಾಟಿನಲ್ಲಿ ಬಟ್ಟೆ ಸುತ್ತಿ ಇಟ್ಟರೆ ಲೆನ್ಸಿಗೆ ಫಂಗಸ್ ಹಿಡಿಯುತ್ತದೆ.

ಕೊಳ್ಳುವ ಮುಂಚೆ ಅಂಗಡಿಯಲ್ಲೇ ಕೆಲವನ್ನು ಪರೀಕ್ಷಿಸಬಹುದು, ಹತ್ತು ನಿಮಿಷ ಸಾಕು. ಬಾಗಿಲಿನ ನೆಟ್ಟನೆ ಚೌಕಟ್ಟನ್ನು ನೋಡುತ್ತ ಕ್ಯಾಮೆರಾವನ್ನು ಬೇಗ ಎಡಕ್ಕೆ ಬಲಕ್ಕೆ ತಿರುಗಿಸಿ ರೆಕಾರ್ಡ್ ಮಾಡಿ. ಚೌಕಟ್ಟು ಎಷ್ಟು ಓರೆಯಾಗುತ್ತದೋ ಸೆನ್ಸರ್ ಅಷ್ಟು ನಿಧಾನ. ಒಂದೆರಡು ದೀಪ ಆರಿಸಲು ಹೇಳಿ, ಕೆಂಪು ಬಟ್ಟೆಯೊಂದನ್ನು ಹಿಡಿಸಿ, ಪೂರ್ತಿ ಜೂಮ್ ಮಾಡಿ ನೋಡಿ. ಜೂಮ್ ಮಾಡುತ್ತ ಹೋದಂತೆ ಚಿತ್ರ ಕಪ್ಪಾಗುವುದು ಅಥವಾ ಗ್ರೇನ್ಸ್ ಹೆಚ್ಚುವುದು ಅಲ್ಲೇ ಕಾಣುತ್ತದೆ. ಚೌಕಳಿ ಸೀರೆ ಅಥವಾ ಸಣ್ಣ ಗೆರೆಯ ಅಂಗಿ ಉಟ್ಟವರು ಇದ್ದರೆ ಅವರ ಮೇಲೆ ಕ್ಯಾಮೆರಾ ಹಿಡಿಯಿರಿ. ಬಟ್ಟೆಯ ಮೇಲೆ ಇಲ್ಲದ ಬಣ್ಣದ ಅಲೆಗಳು ಕಂಡರೆ ಕ್ಯಾಮೆರಾ ಕೆಲವು ಸಾಲುಗಳನ್ನು ಬಿಟ್ಟು ಓದುತ್ತಿರಬಹುದು, ಹಳೆಯ ಡಿಎಸ್‌ಎಲ್‌ಆರ್‌ಗಳಲ್ಲಿ ಇದು ಸಾಮಾನ್ಯ. ಸೆಕೆಂಡ್ ಹ್ಯಾಂಡ್ ಆದರೆ ಲೆನ್ಸಿನ ಮುಚ್ಚಳ ಹಾಕಿ, ಗೇನ್ ಅಥವಾ ಐಎಸ್ಒ (ಚಿತ್ರದ ಹೊಳಪು ಹೆಚ್ಚಿಸುವ ಸೆಟ್ಟಿಂಗ್) ಮೇಲೇರಿಸಿ, ಒಂದು ನಿಮಿಷ ರೆಕಾರ್ಡ್ ಮಾಡಿ ಟಿವಿಯಲ್ಲಿ ಹಾಕಿಸಿ. ಎಲ್ಲ ಚಿತ್ರದಲ್ಲೂ ಒಂದೇ ಜಾಗದಲ್ಲಿ ನಿಂತ ಬಿಳಿ, ಕೆಂಪು ಚುಕ್ಕೆಗಳು ಬಹಳ ಇದ್ದರೆ ಆ ಸೆನ್ಸರ್ ಬಿಟ್ಟು ಬೇರೆ ಕ್ಯಾಮೆರಾ ತೋರಿಸಲು ಹೇಳಿ.